ಪಾನಗೋಷ್ಠಿಯಲ್ಲಿ ಒಂದು ಸಂಜೆ

ಈ ಶಿರೋನಾಮೆಯನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಮನೆಮಂದಿಯೆಲ್ಲರೂ ಓದತಕ್ಕ ಮಾಸಪತ್ರಿಕೆಯಲ್ಲಿ ಮದ್ಯದ ಮಾತೇಕೆ, ಅದೂ ಮೂವತ್ತೆರಡು ವರ್ಷ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿ ವಿಶ್ರಾಂತರಾದ ಉಪಾಧ್ಯಾಯರ ಲೇಖನಿಯಿಂದ, ಎಂದು ಕೇಳಿಯಾರು. ಆಕ್ಷೇಪಣೆ ನ್ಯಾಯವಾದದ್ದೇ. ಅಂಥ ಗೋಷ್ಠಿಗೆ ನಾವು ಹೋದೇವೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾವೇ ನಕ್ಕುಬಿಡುತ್ತಿದ್ದೆವು. ಆದರೆ ಹೋದೆವು; ಮೂರು ಗಂಟೆಗಳ ಕಾಲ ಕುಳಿತೆವು; ಒಂದು ತೊಟ್ಟನ್ನೂ ಕುಡಿಯದೆ ಎದ್ದು ಬಂದೆವು. ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಆಡದೆ ಉಳಿದಿದ್ದ ಮಾತೊಂದನ್ನು ಆ ರಾತ್ರಿ ಆಡಿದೆವು. ಆ ಮಾತಿಗಾಗಿ ಈ ಬರಹ.

ನಮ್ಮದು ವೈದಿಕರ ಮನೆತನ. ಕಚನ ಬೂದಿಯನ್ನು ಬೆರೆಸಿದ ಸುರೆಯನ್ನು ಅರಿಯದೆ ಕುಡಿದ ಶುಕ್ರಾಚಾರ್ಯರು ಆ ಬಳಿಕ ಮದ್ಯಕ್ಕೆ ಕೊಟ್ಟ ಶಾಪದ ಕಥೆಯನ್ನು ತಂದೆಯವರ ಬಾಯಿಂದ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಮನೆಯಲ್ಲಿ ಸಾರಾಯಿ, ಹೆಂಡ ಎಂಬ ಶಬ್ದಗಳನ್ನು ಉಚ್ಚರಿಸುವಂತಿರಲಿಲ್ಲ. ಅನಿವಾರ್ಯವಾದಾಗ ಹಿರಿಯರು ‘ಅದು’ ಎನ್ನುತ್ತಿದ್ದರು. ‘ಆತ ಅದನ್ನು ಅಭ್ಯಾಸ ಮಾಡಿಕೊಂಡಿದ್ದಾನಂತೆ’ ಎಂದರೆ ಸಾಕು, ಕೇಳಿದವರೆಲ್ಲ ತಲೆ ತಗ್ಗಿಸುತ್ತಿದ್ದರು. ಹೆಸರನ್ನು ಆಡದಿದ್ದರೆ ವಸ್ತುವೂ ಹೊಸ್ತಿಲು ದಾಟದೆಂದು ನಂಬಿದ್ದೆವೋ ಏನೋ.

೨೦೨೪ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಾವೂ ನಮ್ಮ ಮನೆಯವರೂ ಮಗಳ ಬಾಣಂತನಕ್ಕೆಂದು ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದೆವು. ಅಳಿಯಂದಿರು ಅಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾರೆ; ಸೌಮ್ಯ ಸ್ವಭಾವದವರು, ಹಿರಿಯರೆದುರು ಎತ್ತರದ ಮಾತಾಡದವರು. ಹೋದ ವಾರದಲ್ಲಿಯೇ, ಪಂಚಾಂಗವನ್ನಿಡಲು ಸ್ಥಳ ಹುಡುಕುತ್ತ ನಾವು ಗೋಡೆಯ ಬೀರುವೊಂದರ ಕೆಳಗಿನ ಬಾಗಿಲನ್ನು ತೆರೆದೆವು. ಮಗಳ ಹಳೆಯ ನೂಲಿನ ಸೀರೆಯೊಂದರಲ್ಲಿ ಸುತ್ತಿದ್ದ ಏನೋ ಗಂಟು. ಬಿಚ್ಚಿದರೆ ಒಂಬತ್ತು ಸೀಸೆಗಳು. ಒಂದೊಂದರಲ್ಲಿಯೂ ಜೇನಿನ ಬಣ್ಣದ ದ್ರವ.

ಮಗಳು ಹಿಂದೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ನೆತ್ತರಿರಲಿಲ್ಲ. ನಾವು ಸೀರೆಯನ್ನು ಮತ್ತೆ ಸುತ್ತಿ ಬಾಗಿಲನ್ನು ಮುಚ್ಚಿದೆವು. ರಾತ್ರಿ ನಮ್ಮ ಮನೆಯವರು, “ತುಂಬಿದ ಬಸುರಿ, ಅವಳನ್ನು ನೋಯಿಸಬೇಡಿ. ನೋಡದ ಹಾಗೆ ಇದ್ದುಬಿಡಿ” ಎಂದರು. ಇದ್ದೆವು. ಮೂರು ದಿನ ಆ ಮನೆಯಲ್ಲಿ ಹವೆಯ ವಿಷಯ, ಮಜ್ಜಿಗೆಯ ವಿಷಯ ಬಿಟ್ಟು ಬೇರೆ ಮಾತಿರಲಿಲ್ಲ. ಬಾಣಂತನಕ್ಕೆ ಹೆಂಡತಿಯನ್ನು ಬಿಟ್ಟು ನಾವು ಮುಂಚಿತವಾಗಿ ಊರಿಗೆ ಹೊರಟುಬಿಡೋಣವೇ ಎಂದು ಕೂಡ ಯೋಚಿಸಿದೆವು.

ನಾಲ್ಕನೆಯ ದಿನ ಸಂಜೆ ಅಳಿಯಂದಿರು ಪಾಠ ಒಪ್ಪಿಸುವ ಹುಡುಗನಂತೆ ನಮ್ಮೆದುರು ಬಂದು ನಿಂತರು.

“ಮಾವನವರೆ, ಬೀರುವಿನಲ್ಲಿರುವುದು ನನ್ನದು. ಬಚ್ಚಿಟ್ಟದ್ದು ತಪ್ಪಾಯಿತು. ಹನ್ನೆರಡು ಮಂದಿ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ತಿಂಗಳಿಗೊಂದು ಗುರುವಾರ ಅಪರೂಪದ ವಿಸ್ಕಿಗಳ ರುಚಿ ನೋಡುತ್ತೇವೆ. ನಾಳೆಯೇ ಸಭೆ. ತಾವು ಒಮ್ಮೆ ಬಂದು ಕುಳಿತು ನೋಡಬೇಕು. ಕುಡಿಯಬೇಕಾದ್ದಿಲ್ಲ. ನೋಡಿದ ಮೇಲೆ ಬಿಡು ಎಂದರೆ ಬಿಡುತ್ತೇನೆ.”

ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳಬಾರದೆಂದು ಜೀವಮಾನವೆಲ್ಲ ಪಾಠ ಹೇಳಿದವರು ನಾವು. ಒಪ್ಪಿದೆವು. ಒಪ್ಪುವಾಗ ‘ಬಿಡು’ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತೆಂಬುದನ್ನೂ ಮರೆಮಾಚುವುದಿಲ್ಲ.

ಆ ಸೀಮೆಯಲ್ಲಿ ನವೆಂಬರ್ ತಿಂಗಳಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಟ್ರಾಮ್ ಗಾಡಿಯನ್ನೇರಿ ಲೀತ್ ಎಂಬ ಭಾಗಕ್ಕೆ ಹೋದೆವು. ಲೀತ್ ಎಡಿನ್‌ಬರೋವಿನ ಬಂದರು. ಫ್ರಾನ್ಸ್ ದೇಶದ ದ್ರಾಕ್ಷಾಮದ್ಯದ ಪೀಪಾಯಿಗಳು ಹಿಂದೆ ಅಲ್ಲಿ ಇಳಿಯುತ್ತಿದ್ದುವು. ವಿಸ್ಕಿಯನ್ನು ಪೀಪಾಯಿಯಿಂದ ನೇರವಾಗಿ ಸೀಸೆಗೆ ತುಂಬಿಸಿ ಸದಸ್ಯರಿಗೆ ಒದಗಿಸತಕ್ಕ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ ಎಂಬ ಹೆಸರಾಂತ ಸಂಘವು ೧೯೮೩ರಲ್ಲಿ ಹುಟ್ಟಿದ್ದು ಈ ಲೀತಿನಲ್ಲಿಯೇ. ಅವರ ಸೀಸೆಗಳ ಮೇಲೆ ಭಟ್ಟಿಯ ಹೆಸರಿರುವುದಿಲ್ಲ, ಅಂಕೆಗಳು ಮಾತ್ರ ಇರುತ್ತವೆ. ದೊಡ್ಡ ಹೆಸರಿಗೆ ಮರುಳಾಗದೆ ರುಚಿಯನ್ನೇ ನೋಡಲೆಂದು ಈ ಏರ್ಪಾಡು. ಅಳಿಯಂದಿರ ಸಂಘ ಅಷ್ಟು ದೊಡ್ಡದಲ್ಲ. ಪುಸ್ತಕದಂಗಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ, ಉದ್ದನೆಯ ಮೇಜು, ಸುತ್ತಲೂ ಕುರ್ಚಿಗಳು. ಮೇಜಿನ ಮೇಲೆ ಬಟ್ಟೆಯ ಚೀಲ ತೊಡಿಸಿದ ನಾಲ್ಕು ಸೀಸೆಗಳು. ಅವರಲ್ಲಿಯೂ ಹೆಸರನ್ನು ಕೊನೆಗೇ ಹೇಳುವ ಪದ್ಧತಿ.

ನಾವು ಗದ್ದಲವನ್ನು ನಿರೀಕ್ಷಿಸಿದ್ದೆವು. ಆದರೆ ಆ ಕೋಣೆ ಪರೀಕ್ಷೆಯ ಕೊಠಡಿಯಷ್ಟು ನಿಶ್ಶಬ್ದವಾಗಿತ್ತು. ಪ್ರತಿಯೊಬ್ಬರ ಮುಂದೆಯೂ ಒಂದು ಟಿಪ್ಪಣಿ ಪುಸ್ತಕ, ಒಂದು ಲೋಟ ನೀರು, ತಳದಲ್ಲಿ ಉಬ್ಬಿ ಬಾಯಲ್ಲಿ ಕಿರಿದಾದ ಮೊಗ್ಗಿನಾಕಾರದ ಗಾಜಿನ ಬಟ್ಟಲು. ಉಗುಳುವವರಿಗೆ ಬೇರೆ ಪಾತ್ರೆ. ಒಂದು ಸುತ್ತಿಗೆ ಹದಿನೈದು ಮಿಲಿಲೀಟರು. ನಮ್ಮ ವೈದ್ಯರು ಕೊಡುವ ಔಷಧದ ಪ್ರಮಾಣವೆನ್ನಿ. ಯಾರೂ ಮೋಟಾರು ನಡೆಸಿಕೊಂಡು ಬಂದಿರಬಾರದು. ಎಲ್ಲರೂ ಮೂಸಿ ಮುಗಿಸುವವರೆಗೆ ಒಬ್ಬರೂ ಮಾತಾಡಬಾರದು. ಸದಸ್ಯರಲ್ಲಿ ಕೆಳಗಿನ ಅಂಗಡಿಯ ಯಜಮಾನರು, ಬಸ್ಸಿನ ಚಾಲಕರೊಬ್ಬರು, ಭೂಗರ್ಭಶಾಸ್ತ್ರದ ಅಧ್ಯಾಪಕರೊಬ್ಬರು, ಆಸ್ಪತ್ರೆಯಲ್ಲಿ ದಾದಿಯಾಗಿದ್ದು ವಿಶ್ರಾಂತರಾದ ಮಹಿಳೆಯೊಬ್ಬರು ಇದ್ದರು. ಅಧ್ಯಕ್ಷರು ಎಪ್ಪತ್ತು ದಾಟಿದ ಮುದುಕರು, ಪೀಪಾಯಿ ಕಟ್ಟುವ ಕಸುಬಿನಲ್ಲಿ ಬೆಳೆದವರು. ಅಂಗೈಗಳು ಹಳೆಯ ಒನಕೆಯಂತಿದ್ದುವು. ನಾವು ಕುಡಿಯುವವರಲ್ಲವೆಂದು ಅಳಿಯಂದಿರು ತಿಳಿಸಿದಾಗ ಅವರು, “ಒಳ್ಳೆಯದೇ ಆಯಿತು. ಈ ಕಸುಬಿನಲ್ಲಿ ಮುಕ್ಕಾಲು ಕೆಲಸ ಮೂಗಿನದು” ಎಂದರು. ವಿಸ್ಕಿಗಳನ್ನು ಮಿಶ್ರಮಾಡುವ ನಿಪುಣರು ನೀರು ಬೆರೆಸಿ ಮೂಸಿಯೇ ನಿರ್ಣಯಿಸುತ್ತಾರಂತೆ. ದಿನಕ್ಕೆ ನೂರಾರು ಮಾದರಿಗಳನ್ನು ನೋಡಬೇಕಾದವರು ಕುಡಿಯುತ್ತ ಹೋದರೆ ಕೆಲಸ ಸಾಗುವುದೆಂತು?

ಈ ಪದಾರ್ಥದ ಹುಟ್ಟನ್ನು ಗೃಹಿಣಿಯರಿಗೆ ತಿಳಿಯುವಂತೆ ಹೇಳಬಹುದು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಗುವಿನ ಹಿಟ್ಟು ಮಾಡುತ್ತೇವಲ್ಲವೆ? ಜವೆಗೋಧಿಗೆ, ಎಂದರೆ ಬಾರ್ಲಿಗೆ, ಅವರು ಮೊದಲು ಮಾಡುವುದೂ ಅದನ್ನೇ. ಮೊಳಕೆಯೊಡೆದ ಆ ಧಾನ್ಯಕ್ಕೆ ಮಾಲ್ಟ್ ಎಂದು ಹೆಸರು. ಅದನ್ನು ಪುಡಿಮಾಡಿ, ಬಿಸಿನೀರಿನಲ್ಲಿ ಸಿಹಿಯನ್ನು ಬಸಿದು, ಹುಳಿಬರಿಸಿ, ತಾಮ್ರದ ದೊಡ್ಡ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಇಳಿದ ದ್ರವ ನೀರಿನಷ್ಟು ತಿಳಿ. ಅದನ್ನು ಓಕ್ ಮರದ ಪೀಪಾಯಿಗಳಲ್ಲಿ ಕಡೆಯ ಪಕ್ಷ ಮೂರು ವರ್ಷ ಸ್ಕಾಟ್‌ಲೆಂಡಿನಲ್ಲಿಯೇ ಇಟ್ಟಿರಬೇಕೆಂದು ಕಾಯಿದೆ. ಒಂದೇ ಭಟ್ಟಿಯಲ್ಲಿ, ಬರಿಯ ಮಾಲ್ಟಿನಿಂದ ಆದದ್ದಕ್ಕೆ ಸಿಂಗಲ್ ಮಾಲ್ಟ್ ಎಂದು ಹೆಸರು. ಬಣ್ಣವೂ ಪರಿಮಳದ ಬಹುಪಾಲೂ ಮರದಿಂದ ಬರತಕ್ಕವು. ಅಮೆರಿಕ ದೇಶದಲ್ಲಿ ಬೋರ್ಬನ್ ಎಂಬ ಮದ್ಯವನ್ನು ಹೊಸ ಮರದಲ್ಲಿಯೇ ಇಡಬೇಕೆಂಬ ಕಟ್ಟಳೆಯಿರುವುದರಿಂದ ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳು ರಾಶಿರಾಶಿಯಾಗಿ ಇಲ್ಲಿಗೆ ಬರುತ್ತವೆ. ವರ್ಷಕ್ಕೆ ನೂರರಲ್ಲಿ ಎರಡು ಪಾಲು ಮರದ ಸೂಕ್ಷ್ಮರಂಧ್ರಗಳಿಂದ ಆವಿಯಾಗಿ ಹೋಗುತ್ತದೆ; ಅದಕ್ಕೆ ದೇವತೆಗಳ ಪಾಲೆಂದು ಹೆಸರಿಟ್ಟಿದ್ದಾರೆ. ಮೂವತ್ತು ವರ್ಷ ಕಾಯುವಷ್ಟರಲ್ಲಿ ಪೀಪಾಯಿ ಅರೆಬರಿದಾಗಿರುತ್ತದೆ. ಹಳೆಯ ವಿಸ್ಕಿ ಅಪರೂಪವಾಗಲು ಇದೇ ಮೊದಲನೆಯ ಕಾರಣ.

ಇದರ ಅತಿ ಹಳೆಯ ದಾಖಲೆ ೧೪೯೪ನೆಯ ಇಸವಿಯದು. ದೊರೆಯ ಅಪ್ಪಣೆಯಂತೆ ಜೀವಜಲವನ್ನು ಮಾಡಲು ಜಾನ್ ಕಾರ್ ಎಂಬ ಕ್ರೈಸ್ತ ಸಂನ್ಯಾಸಿಗೆ ಎಂಟು ಬೋಲ್ ಅಳತೆಯ ಮಾಲ್ಟನ್ನು ಕೊಟ್ಟುದಾಗಿ ರಾಜಭಂಡಾರದ ಲೆಕ್ಕದಲ್ಲಿ ಬರೆದಿದೆ. ನಮ್ಮ ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವುದು ನೆನಪಾಯಿತು. ಯಾವ ದೇಶದಲ್ಲಿಯೂ ಮದ್ಯದ ಚರಿತ್ರೆಯನ್ನು ಕಾಪಾಡಿದವರು ಸುಂಕದ ಗುಮಾಸ್ತರೇ ಸರಿ.

ಮೊದಲನೆಯ ಬಟ್ಟಲು ಸುತ್ತಿತು. ಮೌನ ಮುಗಿದ ಬಳಿಕ ಒಬ್ಬೊಬ್ಬರಾಗಿ ಹೇಳತೊಡಗಿದರು: “ನಿಂಬೆಯ ಸಿಪ್ಪೆ.” “ಒಣಹುಲ್ಲಿನ ಮೆದೆ.” “ಬಿಸಿಲಲ್ಲಿ ಒಣಗಿದ ದುಪ್ಪಟಿ.” ಬಸ್ಸಿನ ಚಾಲಕರು, “ಬಹಳ ಚೆನ್ನಾಗಿದೆ” ಎಂದರು. ಅಧ್ಯಕ್ಷರು ತಲೆಯಲ್ಲಾಡಿಸಿ, “ಅದು ನಿನ್ನ ಸುದ್ದಿ, ಬಟ್ಟಲಿನ ಸುದ್ದಿ ಹೇಳು” ಎಂದರು. ನಮಗೆ ನಗು ಬಂತು. ಪದದ ಅರ್ಥ ಕೇಳಿದಾಗ ‘ಒಳ್ಳೆಯ ಪದ ಸಾರ್’ ಎನ್ನುತ್ತಿದ್ದ ಹುಡುಗರಿಗೆ ನಾವು ಹೇಳುತ್ತಿದ್ದುದೂ ಇದನ್ನೇ. ಚೀಲ ತೆಗೆದಾಗ ಆ ಸೀಸೆ ರೋಸ್‌ಬ್ಯಾಂಕ್ ಎಂಬ ಭಟ್ಟಿಯದು. ೧೯೯೩ರಲ್ಲಿ ಮುಚ್ಚಿಹೋಗಿ ೨೦೨೪ರಲ್ಲಿ ಮತ್ತೆ ತೆರೆದುದು. ಎರಡರ ಬದಲು ಮೂರು ಬಾರಿ ಭಟ್ಟಿ ಇಳಿಸುವುದು ಅಲ್ಲಿಯ ವಾಡಿಕೆ.

ಎರಡನೆಯದು ಷೆರಿ ಎಂಬ ಸ್ಪೇನ್ ದೇಶದ ಮದ್ಯವಿದ್ದ ಪೀಪಾಯಿಯಲ್ಲಿ ಬೆಳೆದುದು. ಅಧ್ಯಕ್ಷರು ಅದರ ನಾಲ್ಕು ಹನಿಗಳನ್ನು ನಮ್ಮ ಅಂಗೈಗೆ ಹಾಕಿ, ಉಜ್ಜಿ ಮೂಸುವಂತೆ ಹೇಳಿದರು. ಒಂದು ಕ್ಷಣ ಹಿಂಜರಿದೆವು. ಚಿಕ್ಕಂದಿನಲ್ಲಿ ತಾಯಿಯವರು ಚಮಚದಲ್ಲಿ ಕುಡಿಸುತ್ತಿದ್ದ ದ್ರಾಕ್ಷಾರಿಷ್ಟವೂ ಹುಳಿಬಂದು ಆದದ್ದೇ ಅಲ್ಲವೆ ಎಂದು ಧೈರ್ಯ ತಂದುಕೊಂಡು ಉಜ್ಜಿದೆವು. ಮೊದಲು ಖಾರವಾದ ಆವಿ ಹಾರಿಹೋಯಿತು. ಅದು ಹೋದ ಮೇಲೆ ಅಂಗೈಯಲ್ಲಿ ಉಳಿದದ್ದು ಉತ್ತುತ್ತೆ, ಹಳೆಯ ಜೋನಿಬೆಲ್ಲ, ಅದರಡಿಯಲ್ಲಿ ಮೊಳಕೆ ರಾಗಿಯನ್ನು ಹುರಿಯುವ ಬಾಣಲೆಯ ವಾಸನೆ. ಹೇಳಿದೆವು. ಅಳಿಯಂದಿರು ರಾಗಿಯೆಂದರೇನೆಂಬುದನ್ನು ವಿವರಿಸಿದರು. ಹನ್ನೆರಡು ಪುಸ್ತಕಗಳಲ್ಲಿ ‘ಹುರಿದ ರಾಗಿ’ ದಾಖಲಾಯಿತು. ಮೇಷ್ಟರಾದ ನಮಗೆ ಅಷ್ಟೂ ಹೆಮ್ಮೆಯಾಗಲಿಲ್ಲವೆಂದರೆ ಸುಳ್ಳಾದೀತು.

ತರ್ಕಶಾಸ್ತ್ರದಲ್ಲಿ ಗಂಧವು ಪೃಥ್ವಿಯೊಂದಕ್ಕೇ ಸಲ್ಲುವ ಗುಣ. ನೀರಿಗೆ ಸ್ವಂತ ವಾಸನೆಯಿಲ್ಲ. ನೀರಿನಲ್ಲಿ ವಾಸನೆ ಕಂಡರೆ ಮಣ್ಣಿನ ಕಣ ಸೇರಿದೆಯೆಂದು ತಿಳಿಯಬೇಕು. ಬಟ್ಟಲಲ್ಲಿದ್ದ ಜೀವಜಲಕ್ಕೂ ಈ ಮಾತು ಸಲ್ಲುತ್ತದೆಯೆಂದು ಭೂಗರ್ಭಶಾಸ್ತ್ರದವರೊಡನೆ ಅಂದೆವು. ಅವರು ಸಂತೋಷಪಟ್ಟು, ಮುಂದೆ ಬರುವುದನ್ನು ಮೂಸಿದರೆ ಈ ಮಾತು ಇನ್ನೂ ಗಟ್ಟಿಯಾಗುವುದೆಂದರು.

ಮೂರನೆಯ ಸೀಸೆಯ ಚೀಲವನ್ನು ತೆಗೆದಾಗ ಮೇಜಿನ ಸುತ್ತ ನಗೆ ಎದ್ದಿತು. ಅದು ನಮಗಾಗಿ ಅಳಿಯಂದಿರು ಸೇರಿಸಿದ್ದು. ಸ್ಕಾಚ್ ಅಲ್ಲ, ಬೆಂಗಳೂರಿನದು, ‘ಅಮೃತ್’. ೧೯೪೮ರಲ್ಲಿ ಸ್ಥಾಪಿತವಾದ ಆ ಭಟ್ಟಿ ತನ್ನ ಸಿಂಗಲ್ ಮಾಲ್ಟನ್ನು ಮೊಟ್ಟಮೊದಲು ಮಾರುಕಟ್ಟೆಗೆ ತಂದದ್ದು ೨೦೦೪ರಲ್ಲಿ, ಇದೇ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಬೆಂಗಳೂರಿನ ಸೆಖೆಯಲ್ಲಿ ದೇವತೆಗಳು ವರ್ಷಕ್ಕೆ ನೂರರಲ್ಲಿ ಹತ್ತು ಪಾಲಿಗೂ ಮೀರಿ ಕೊಂಡುಹೋಗುತ್ತಾರಂತೆ. ಅದರಿಂದ ಅಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ಪಾಕ ಬರುತ್ತದೆ. ಹೆಸರಿನ ಅರ್ಥವೇನೆಂದು ಅಧ್ಯಕ್ಷರು ಕೇಳಿದರು. ಸಾವಿಲ್ಲದಂತೆ ಮಾಡುವುದೆಂದು ಹೇಳಿದೆವು. ವಿಸ್ಕಿ ಎಂಬ ಮಾತೂ ಅವರ ಹಳೆಯ ಗೇಲಿಕ್ ಭಾಷೆಯಲ್ಲಿ ‘ಉಷ್ಕೆ ಬಾಹ’, ಜೀವದ ನೀರು, ಎಂಬುದರಿಂದ ಬಂದದ್ದಂತೆ. ಸಮುದ್ರಮಥನದ ಕಥೆಯನ್ನು ಹೇಳಿ, ಅಮೃತ ಬಂದ ಕಡಲಿನಿಂದಲೇ ಸುರೆಯ ದೇವತೆಯಾದ ವಾರುಣಿಯೂ ಬಂದಳು, ಹಾಲಾಹಲ ವಿಷವೂ ಬಂದಿತು ಎಂದೆವು. ಎಲ್ಲರೂ ಕಿವಿಗೊಟ್ಟು ಕೇಳಿದರು. ನಾವೂ ಉತ್ಸಾಹದಲ್ಲಿದ್ದೆವು. ಆದರೆ ‘೨೦೦೪’ ಎಂಬ ಇಸವಿ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟುಕೊಂಡಿತು.

ಕೊನೆಯದು ಆ ದಿನದ ಮುಖ್ಯ ಸೀಸೆ. ಸಾವಿರ ಪೌಂಡಿಗೂ ಮೀರಿದ ಬೆಲೆಯ ಅದನ್ನು ಎರಡು ವರ್ಷಗಳ ವಂತಿಗೆ ಕೂಡಿಸಿ ಕೊಂಡಿದ್ದರು. ಬೆಲೆಯ ಮಾತಿನಲ್ಲಿ ಇದೂ ಅಲ್ಪವೇ. ಮೆಕಾಲನ್ ಎಂಬ ಭಟ್ಟಿಯ ೧೯೨೬ರ ಒಂದು ಸೀಸೆ ೨೦೨೩ರಲ್ಲಿ ಲಂಡನ್ನಿನ ಹರಾಜಿನಲ್ಲಿ ಇಪ್ಪತ್ತೊಂದು ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅಂಥವನ್ನು ಕೊಂಡವರು ಬಹುಶಃ ತೆರೆಯುವುದೂ ಇಲ್ಲ. ಇವರು ತೆರೆದರು. ಬಿರಡೆ ಬಿಚ್ಚಿದೊಡನೆ ಕೋಣೆಯಲ್ಲಿ ಹೊಗೆಯ ವಾಸನೆ ಹರಡಿತು. ಪೋರ್ಟ್ ಎಲೆನ್ ಎಂಬ ಭಟ್ಟಿಯದು. ಪಶ್ಚಿಮ ಕಡಲಿನ ಐಲಾ ದ್ವೀಪದಲ್ಲಿದ್ದು, ೧೯೮೩ರಲ್ಲಿ ಮುಚ್ಚಿ, ೨೦೨೪ರಲ್ಲಿ ಮರಳಿ ತೆರೆದುದು. ಬಟ್ಟಲಿನಲ್ಲಿದ್ದದ್ದು ಮುಚ್ಚುವ ಮೊದಲು ಇಳಿಸಿದ್ದು. ಆ ದ್ವೀಪದಲ್ಲಿ ಮರ ಕಡಿಮೆ. ಜೌಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಹುಲ್ಲು ಪಾಚಿಗಳು ಕೊಳೆತು ಮಣ್ಣಾದ ಪೀಟ್ ಎಂಬ ಹೆಂಟೆಯೇ ಸೌದೆ. ಮೊಳಕೆಯ ಧಾನ್ಯವನ್ನು ಅದರ ಹೊಗೆಯಲ್ಲಿ ಒಣಗಿಸುತ್ತಾರೆ. ಪರ್ವತದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂದು ಎಷ್ಟೋ ತಂಡಗಳ ಹುಡುಗರಿಗೆ ಅನುಮಾನಪ್ರಕರಣವನ್ನು ಹೇಳಿಕೊಟ್ಟಿದ್ದೇವೆ. ಇಲ್ಲಿ ಬೆಂಕಿ ಆರಿ ನಲವತ್ತು ವರ್ಷಗಳು ಸಂದಿದ್ದುವು. ಹೊಗೆ ಮಾತ್ರ ಹಾಗೆಯೇ ಇತ್ತು.

ಅಧ್ಯಕ್ಷರು ನಮ್ಮ ಬಟ್ಟಲಿಗೆ ಕೆಲವು ಹನಿ ನೀರು ಬಿಟ್ಟರು. ನೀರು ಬೆರೆಸಿದರೆ ಹೊಗೆಯ ವಾಸನೆಯ ಅಣುಗಳು ದ್ರವದ ಮೇಲ್ಮೈಗೆ ಏರುತ್ತವೆಂದು ಸ್ವೀಡನ್ ದೇಶದ ಇಬ್ಬರು ವಿಜ್ಞಾನಿಗಳು ೨೦೧೭ರಲ್ಲಿ ಗಣಿತದಿಂದ ತೋರಿಸಿಕೊಟ್ಟರಂತೆ. ಮೂಸಿದೆವು. ಸುತ್ತಲಿನವರು ಹೇಳುತ್ತಿದ್ದರು: “ಕಡಲಪಾಚಿ.” “ಡಾಂಬರು ಬಳಿದ ಹಗ್ಗ.” “ಅಯೋಡಿನ್.” ಅಧ್ಯಕ್ಷರು ನಮ್ಮ ಕಡೆಗೆ ತಿರುಗಿ, “ತಮಗೆ?” ಎಂದರು.

“ಆಸ್ಪತ್ರೆ” ಎಂದೆವು.

ಸರಿಯಾದ ಉತ್ತರವೇ. ಐಲಾದ ವಿಸ್ಕಿಗೆ ಆಸ್ಪತ್ರೆಯ ವಾಸನೆಯೆನ್ನುವುದು ವಾಡಿಕೆಯಂತೆ, ಕೆಲವರು ಬರೆದುಕೊಂಡರು. ದಾದಿಯಾಗಿದ್ದ ಆ ಮಹಿಳೆ ಮಾತ್ರ ಬರೆದುಕೊಳ್ಳದೆ ನಮ್ಮ ಮುಖವನ್ನು ನೋಡಿ, “ಯಾರಿದ್ದರು ಅಲ್ಲಿ?” ಎಂದು ಮೆಲ್ಲನೆ ಕೇಳಿದರು.

ನಮ್ಮ ತಮ್ಮ ಇದ್ದ. ನಮಗಿಂತ ನಾಲ್ಕು ವರ್ಷ ಚಿಕ್ಕವನು. ಕಂಠ ನಮಗಿಂತ ಚೆನ್ನಾಗಿತ್ತು, ಜ್ಞಾಪಕಶಕ್ತಿಯೂ ಹಾಗೆಯೇ. ತಂದೆಯವರ ಪಾಠವನ್ನು ಒಮ್ಮೆ ಕೇಳಿ ಒಪ್ಪಿಸುತ್ತಿದ್ದ. ಕೆಲಸಕ್ಕೆಂದು ಬೇರೆ ಊರಿಗೆ ಹೋದ. ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಸಾರಾಯಿ ಮಾರುತ್ತಿದ್ದ ಕಾಲ ಅದು. ಮನೆಗೆ ಬಂದಾಗ ಕಣ್ಣು ಹಳದಿಯಾಗಿತ್ತು, ಹೊಟ್ಟೆ ಉಬ್ಬಿತ್ತು. ೨೦೦೪ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಆ ಹತ್ತೊಂಬತ್ತು ದಿನವೂ ಮಂಚದ ಪಕ್ಕದಲ್ಲಿ ನಾವಿದ್ದೆವು. ಅವನು ಒಂದೆರಡು ಬಾರಿ, “ಅಣ್ಣ, ನಿನಗೊಂದು ಮಾತು ಹೇಳಬೇಕು” ಎಂದಿದ್ದ. “ಈಗ ಸುಮ್ಮನೆ ಮಲಗು” ಎಂದಿದ್ದೆವು. ಏನು ಹೇಳುವನೆಂಬುದು ನಮಗೆ ತಿಳಿದಿತ್ತು. ಅದನ್ನು ಕೇಳಲು ನಮಗೆ ಧೈರ್ಯವಿರಲಿಲ್ಲ. ಬಂಧುಗಳಿಗೆಲ್ಲ ಕಾಗದ ಬರೆದವರು ನಾವೇ. ‘ಕಾಮಾಲೆಯಿಂದ’ ಎಂದು ಬರೆದೆವು. ಕಾಮಾಲೆ ರೋಗದ ಲಕ್ಷಣ, ಕಾರಣವಲ್ಲ. ಅಷ್ಟು ತರ್ಕ ನಮಗೆ ಬಾರದುದೇನಲ್ಲ. ಕರ್ನಾಟಕದಲ್ಲಿ ಸಾರಾಯಿಯನ್ನು ನಿಷೇಧಿಸಿದ್ದು ೨೦೦೭ನೆಯ ಇಸವಿಯ ಜುಲೈ ಒಂದರಂದು. ಆ ದಿನ ಪತ್ರಿಕೆಯನ್ನು ಓದಿ ಮಡಿಸಿಟ್ಟು ಪಾಠಕ್ಕೆ ಹೋದೆವು, ಯಾರೊಡನೆಯೂ ಏನನ್ನೂ ಆಡಲಿಲ್ಲ.

“ನನ್ನ ತಮ್ಮ” ಎಂದು ಆ ಮಹಿಳೆಗೆ ಉತ್ತರಿಸಿದೆವು. ಏನಾಗಿತ್ತೆಂದು ಅವರು ಕೇಳಿದರು. ಕಾಮಾಲೆಯೆನ್ನಲು ಬಾಯಿ ತೆರೆದೆವು. ಎದುರಿಗೆ ಹನ್ನೆರಡು ಟಿಪ್ಪಣಿ ಪುಸ್ತಕಗಳಿದ್ದುವು. ಮೂರು ಗಂಟೆಗಳಿಂದ ಆ ಜನ ಬಟ್ಟಲಲ್ಲಿದ್ದ ಒಂದೊಂದು ಎಳೆಗೂ ಸರಿಯಾದ ಹೆಸರು ಸಿಕ್ಕುವವರೆಗೆ ಬಿಡದೆ ಹುಡುಕಿದ್ದರು. ಅಲ್ಲಿ ಕುಳಿತು ಸುಳ್ಳು ಶಬ್ದವನ್ನು ಆಡಲಾಗಲಿಲ್ಲ. “ಸಾರಾಯಿ” ಎಂದೆವು. ಕನ್ನಡದ ಮಾತು, ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಅಳಿಯಂದಿರ ಕಡೆಗೆ ನೋಡಿದರು. ಅವರು ನಮ್ಮ ಮನೆಯ ಈ ಸಂಗತಿಯನ್ನು ಕೇಳಿದ್ದು ಆಗಲೇ ಮೊದಲು. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ಒಂದು ಸಲ ಗಂಟಲು ಸರಿಮಾಡಿಕೊಂಡು, ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು.

ಯಾರೂ ಮುಖ ತಿರುಗಿಸಲಿಲ್ಲ, ತಲೆ ತಗ್ಗಿಸಲಿಲ್ಲ. ಆ ಮಹಿಳೆ, ತಾವು ಕೆಲಸಮಾಡಿದ ವಾರ್ಡಿನಲ್ಲಿ ಅಂಥ ತಮ್ಮಂದಿರನ್ನು ಬಹಳ ಮಂದಿ ನೋಡಿದ್ದಾಗಿ ಹೇಳಿದರು. ಸ್ಕಾಟ್‌ಲೆಂಡಿನಲ್ಲಿ ೨೦೨೩ನೆಯ ಇಸವಿಯೊಂದರಲ್ಲಿಯೇ ಮದ್ಯವೇ ಕಾರಣವಾಗಿ ಸತ್ತವರು ೧,೨೭೭ ಮಂದಿ. ಸರಕಾರವೇ ಪ್ರತಿವರ್ಷ ಎಣಿಸಿ ಪ್ರಕಟಿಸುತ್ತದೆ. ಅಗ್ಗದ ಮದ್ಯ ಬಡವರನ್ನು ಕೊಲ್ಲಬಾರದೆಂದು ೨೦೧೮ರಲ್ಲಿ ಒಂದು ಮಾನಕ್ಕೆ ಐವತ್ತು ಪೆನ್ಸಿಗಿಂತ ಕಡಿಮೆಗೆ ಮಾರಕೂಡದೆಂದು ಕಾಯಿದೆ ಜಾರಿಗೆ ತಂದರು. ೨೦೨೪ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ಅರವತ್ತೈದಕ್ಕೆ ಏರಿಸಿದರು. “ನಾವು ಇದನ್ನು ಮಾಡುತ್ತೇವೆ, ಮಾರುತ್ತೇವೆ, ಇದರಿಂದ ಸಾಯುತ್ತೇವೆ ಕೂಡ. ಲೆಕ್ಕವನ್ನಾದರೂ ಸರಿಯಾಗಿ ಬರೆದಿಡಬೇಕಲ್ಲ?” ಎಂದರು ಅಧ್ಯಕ್ಷರು. ತಮ್ಮ ಬಟ್ಟಲಿನಲ್ಲಿದ್ದುದನ್ನು ಅವರು ಕುಡಿಯಲಿಲ್ಲ. ಯಾರೂ ಒತ್ತಾಯಿಸಲೂ ಇಲ್ಲ.

ಹಿಂದಿರುಗುವಾಗ ಟ್ರಾಮಿನಲ್ಲಿ ಜನವಿರಲಿಲ್ಲ. ಅಳಿಯಂ­ದಿರು ಬಹಳ ಹೊತ್ತು ಸುಮ್ಮನಿದ್ದು, “ಮಾವನವರೆ, ಬಿಟ್ಟುಬಿಡುತ್ತೇನೆ” ಎಂದರು. ಹೊರಡುವಾಗ ನಾಲಗೆಯ ತುದಿಯಲ್ಲಿ ಸಿದ್ಧವಾಗಿದ್ದ ಮಾತು ಈಗ ಹೊರಡಲಿಲ್ಲ. ಬಿಟ್ಟರೆ ನಮಗೆ ಸಂತೋಷವೇ ಎಂಬುದನ್ನು ಮುಚ್ಚದೆ ಹೇಳಿದೆವು. ಆದರೆ ನಮ್ಮ ದುಃಖದ ಸಾಲವನ್ನು ಅವರಿಂದ ವಸೂಲು ಮಾಡುವುದು ಧರ್ಮವಲ್ಲ. ಒಂದೆರಡು ಮಾತುಗಳನ್ನು ಮಾತ್ರ ಕೇಳಿಕೊಂಡೆವು: “ಬಚ್ಚಿಡಬೇಡಿ. ಆ ಪುಸ್ತಕದಲ್ಲಿ ಬರೆಯದೆ ಒಂದು ಹನಿಯನ್ನೂ ಮುಟ್ಟಬೇಡಿ. ಎಂದಾದರೂ ಬರೆಯಲು ನಾಚಿಕೆಯಾದರೆ, ಅಂದೇ, ಯಾವ ಹೊತ್ತಿನಲ್ಲಾದರೂ ಸರಿ, ನಮಗೆ ಹೇಳಿ. ಸುಮ್ಮನೆ ಮಲಗು ಎಂದು ಇನ್ನೊಮ್ಮೆ ನಾವು ಯಾರಿಗೂ ಹೇಳುವುದಿಲ್ಲ.”

ಮನೆಗೆ ಬಂದು ಮಗಳನ್ನೂ ನಮ್ಮ ಮನೆಯವರನ್ನೂ ಕೂಡಿಸಿಕೊಂಡು, ಚಿಕ್ಕಪ್ಪನ ವಿಷಯವನ್ನು ಮೊದಲಿನಿಂದ ಹೇಳಿದೆವು. ಮಗಳು ತಡೆಯಲಿಲ್ಲ. ಮುಗಿದ ಮೇಲೆ, “ನನಗೆ ಗೊತ್ತಿತ್ತು ಅಪ್ಪ. ಚಿಕ್ಕಪ್ಪನ ಅಂಗಿಯ ಜೇಬಿನಲ್ಲಿ ಪೊಟ್ಟಣ ಸಿಕ್ಕಿತ್ತು. ಅಜ್ಜಿಗೆ ತೋರಿಸಿದೆ. ಯಾರಿಗೂ ಹೇಳಬೇಡ ಎಂದರು” ಎಂದಳು. ಆಗ ಅವಳಿಗೆ ಹತ್ತು ವರ್ಷ. ಹತ್ತು ವರ್ಷದ ಮಗು ಹೊತ್ತ ಗುಟ್ಟನ್ನು ಇಪ್ಪತ್ತು ವರ್ಷ ಹೊತ್ತಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ವಂಶದಲ್ಲಿ ಯಾವ ಯಾವ ಕಾಯಿಲೆಗಳಿದ್ದುವೆಂದು ಕೇಳಿದಾಗ ಏನು ಬರೆಸಬೇಕೆಂದು ತಿಳಿಯದೆ ಸುಮ್ಮನಾದಳಂತೆ. ಗಂಡನ ಸೀಸೆಗಳನ್ನು ಸೀರೆಯಲ್ಲಿ ಸುತ್ತಲು ಅವಳು ಎಲ್ಲಿ ಕಲಿತಳೆಂಬುದು ಆಗ ನಮಗೆ ಅರ್ಥವಾಯಿತು. ನಮ್ಮಿಂದಲೇ ಕಲಿತಿದ್ದಳು.

ಮರುದಿನ ಸೀಸೆಗಳು ಬೀರುವಿನ ಮೇಲಿನ, ಎಲ್ಲರಿಗೂ ಕಾಣುವ ಹಲಗೆಗೆ ಬಂದುವು. ಸೀರೆಯನ್ನು ನಮ್ಮ ಮನೆಯವರು ಎರಡು ಬಾರಿ ಬಿಸಿನೀರಿನಲ್ಲಿ ಒಗೆದು, ಹರಿದು, ಹುಟ್ಟುವ ಕೂಸಿಗೆ ಹಾಸಲು ಹೊದಿಸಲು ಮೆತ್ತನೆಯ ಬಟ್ಟೆಗಳನ್ನು ಮಾಡಿದರು. ಡಿಸೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು.

ಪಾನವನ್ನು ಹೊಗಳುವುದಕ್ಕಾಗಿ ಇದನ್ನು ಬರೆದೆವೆಂದು ವಾಚಕರು ಭಾವಿಸಬಾರದು. ಆ ಹನ್ನೆರಡು ಮಂದಿಯ ಬಟ್ಟಲಿನಲ್ಲಿದ್ದುದೂ ತಮ್ಮನ ಪೊಟ್ಟಣದಲ್ಲಿದ್ದುದೂ ಬೆಲೆಯಲ್ಲಿ ಎಷ್ಟೇ ದೂರವಿರಲಿ, ಮತ್ತು ಬರಿಸುವ ಸತ್ತ್ವ ಎರಡರಲ್ಲಿಯೂ ಒಂದೇ. ಮುಟ್ಟದಿರುವವರು ಭಾಗ್ಯವಂತರು. ಆದರೆ ಮುಟ್ಟಿದವನೊಬ್ಬ ನಮ್ಮ ಮನೆಗಳಲ್ಲಿದ್ದರೆ, ಅವನು ಮಾತು ಎತ್ತಿದಾಗ ಕೇಳಬೇಕು. ಅವನ ಕಾಯಿಲೆಯನ್ನು ಅದರ ಹೆಸರಿನಿಂದಲೇ ಕರೆದು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ನಾವು ಮಾಡದಿದ್ದುದು ಅಷ್ಟು.

ಊರಿಗೆ ಹಿಂದಿರುಗಿದ ಮೇಲೆ, ತಂದೆಯವರ ಕಾಲದಿಂದ ದೇವರಮನೆಯಲ್ಲಿರುವ ವಂಶದ ಪುಸ್ತಕವನ್ನು ತೆಗೆದೆವು. ಹುಟ್ಟಿದವರ ನಕ್ಷತ್ರ, ತೀರಿಕೊಂಡವರ ತಿಥಿ ಮತ್ತು ಕಾರಣ ಅದರಲ್ಲಿವೆ. ತಮ್ಮನ ಹೆಸರಿನ ಮುಂದೆ ನಮ್ಮದೇ ಅಕ್ಷರದಲ್ಲಿ ‘ಕಾಮಾಲೆ’ ಎಂದಿತ್ತು. ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಸಾರಾಯಿ’ ಎಂದು ಬರೆದೆವು. ಕೆಳಗೆ ಮೊಮ್ಮಗಳ ನಕ್ಷತ್ರವನ್ನು ಬರೆದೆವು. ನಮ್ಮ ಮನೆಯವರು ಎರಡನ್ನೂ ಓದಿ, ಮಸಿ ಆರುವವರೆಗೆ ಕಾದು, ಪುಸ್ತಕವನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಕಟ್ಟಿ ದೇವರಮನೆಯಲ್ಲಿಟ್ಟರು.